ಹಿತ್ತಲಲ್ಲಿ ನೆಟ್ಟ ಹೆಸರುಗಳು

ಮೆಹದಿಪಟ್ಟಣಂ
9 ಆಗಸ್ಟ್ 2023

ಯಜಮಾನರಿಗೆ ಶಾಮಲಾಳ ನಮಸ್ಕಾರ.

ನೀವು ರಾಯಚೂರು ಮುಟ್ಟಿದ ಸುದ್ದಿ ನಿಮ್ಮ ತಮ್ಮ ಜಯತೀರ್ಥ ಹೇಳಿದ. ಅವನ ಕಣ್ಣಿನ ಆಪರೇಷನ್ ಸರಿಯಾಗಿ ಆಯಿತಂತೆ, ಸಂತೋಷ. ಕಾಗದ ಬರೆಯುವುದು ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀವು "ಆಮ್ಯಾಲೆ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದಿ.

ಸಿಟ್ಟು ನೀವು ಹಿತ್ತಲ ಗಿಡಗಳಿಗೆಲ್ಲ ನೆಟ್ಟು ಹೋದ ಫಲಕಗಳ ಮೇಲೆ. ಹೊಸ ಫೋನು ಬಂದಾಗಿನಿಂದ ನಿಮಗೆ ಬೇರೆ ಕೆಲಸವೇ ಇಲ್ಲ. ಹೂವಿನ ಮುಂದೆ ಫೋನು ಹಿಡಿಯುವುದು, ಅದು ಹೇಳಿದ ಹೆಸರನ್ನು ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿ ಬರೆಯುವುದು, ಬುಡಕ್ಕೆ ಚುಚ್ಚುವುದು. ನೀರಾವರಿ ಇಲಾಖೆ ಬಿಟ್ಟು ಬಂದರೂ ಫೈಲಿಗೆ ನಂಬರು ಹಾಕುವ ಚಟ ನಿಮ್ಮನ್ನು ಬಿಡಲಿಲ್ಲ.

ನನ್ನ ಗಿಡಗಳಿಗೆ ಹೆಸರಿರಲಿಲ್ಲವೇ? ಗೊತ್ತಿಲ್ಲದ ಹೂವಿಗೆ ಕೊಟ್ಟವರ ಹೆಸರಿಟ್ಟು ಕರೆಯುವುದನ್ನು ನಿಮ್ಮ ತಾಯಿಯೇ ನನಗೆ ಕಲಿಸಿದ್ದು. ಪಕ್ಕದ ಮನೆಯ ಉಮಾಬಾಯಿ ಕೊಟ್ಟ ಕಡ್ಡಿ ಚಿಗುರಿ ಉಮಾಬಾಯಿ ಆಯಿತು. ಕಾಚಿಗೂಡ ಸ್ಟೇಷನ್ನಿನ ಹೊರಗೆ ಹೂ ಮಾರುವವಳು ಕೊಟ್ಟದ್ದು ಕಾಚಿಗೂಡ. ಮೊನ್ನೆ ಉಮಾಬಾಯಿ ಬಂದವರು ಫಲಕ ನೋಡಿ, "ಏನ್ರಿ ಶಾಮಲಾಬಾಯಿ, ನನ್ನ ಹೆಸರ ಅಳಿಸಿಬಿಟ್ರಿ?" ಎಂದು ಮುಖ ಸಣ್ಣ ಮಾಡಿಕೊಂಡರು. ನನಗೆ ನಾಚಿಕೆಯಾಯಿತು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ.

ನುಂಗಲಾರದ್ದು ಗೋಡೆ ಮೂಲೆಯ ನೇರಳೆ ಹೂವಿನದು. ಅದರ ಬೀಜವನ್ನು ಶಾಲೆಯ ಅಂಗಳದಿಂದ ಪಾಟಿಚೀಲದಲ್ಲಿ ತುಂಬಿಕೊಂಡು ಬಂದವಳು ನಮ್ಮ ಮಗಳು. ಒಣಗಿದ ಕಾಯಿ ನೀರಿಗೆ ಹಾಕಿದರೆ ಚಟ್ ಎಂದು ಸಿಡಿಯುತ್ತಿತ್ತು. ಅಪ್ಪ ಮಗಳು ಇಬ್ಬರೂ ಬಟ್ಟಲು ಮುಂದಿಟ್ಟುಕೊಂಡು ನಗುತ್ತ ಕೂಡುತ್ತಿದ್ದಿರಿ. ಹೆಸರು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ತಂದವಳ ಹೆಸರೇ ಅದಕ್ಕೂ ಆಯಿತು, ಪ್ರಿಯಂವದಾ. ಈಗ ರುಯೇಲಿಯಾ ಅಂತೆ. ಅಷ್ಟಕ್ಕೇ ಬಿಡದೆ, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಿರಿ: "ಅದು ಕಳೆ ಅಂತ ಫೋನ್ನಾಗ ಬಂದದ. ನಾ ಬರೂದ್ರಾಗ ಕಿತ್ತು ಒಗಿ."

ಅವಳು ಸನತ್‌ನಗರದ ಕಾರ್ಖಾನೆಯ ತೆಲುಗು ಹುಡುಗನನ್ನು ಮದುವೆಯಾದ ದಿನವೂ ನಿಮ್ಮ ದನಿ ಹೀಗೇ ಇತ್ತು. "ಅಕಿ ಹೆಸರ ಈ ಮನ್ಯಾಗ ಯಾರೂ ಎತ್ತಬಾರ್ದು" ಎಂದಿರಿ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವತ್ತು ಬಾಯಿ ಮುಚ್ಚಿಕೊಂಡೆ. ಈ ಸಲ ಮುಚ್ಚಿಕೊಳ್ಳುವುದಿಲ್ಲ. ಗಿಡ ಕೀಳುವುದೂ ಇಲ್ಲ. ಫಲಕಗಳನ್ನೆಲ್ಲ ಕಿತ್ತು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ, ಎಲ್ಲಿ ಬೇಕೋ ಅಲ್ಲಿ ಚುಚ್ಚಿಕೊಳ್ಳಿ.

ಬಿಪಿ ಗುಳಿಗೆ ಚೀಲದ ಒಳಜೇಬಿನಲ್ಲಿದೆ, ತಪ್ಪಿಸಬೇಡಿ. ಜಯತೀರ್ಥನ ಮಕ್ಕಳಿಗೆ ನನ್ನ ಆಶೀರ್ವಾದ. ಹೇಗೂ ಮಂತ್ರಾಲಯ ಹತ್ತಿರವಿದೆ, ಹೋಗಿ ಬನ್ನಿ. ರಾಯರು ನಿಮಗೆ ಒಳ್ಳೆಯ ಬುದ್ಧಿ ಕೊಡಲಿ.

ನಿಮ್ಮ
ಶಾಮಲಾ

ತಾ.ಕ.: ಪ್ರಿಯಂವದಾ ನನಗೆ ಆಗಾಗ ಫೋನು ಮಾಡುತ್ತಾಳೆ. ನಿಮಗೆ ಹೇಳಿರಲಿಲ್ಲ. ಪ್ರತಿ ಸಲವೂ ಕೇಳುವುದು ಒಂದೇ, "ಅಮ್ಮಾ, ಅಪ್ಪಾ ನನ್ನ ಹೆಸರ ಎತ್ತತಾರೇನು?" ನಾನು ಹೌದು ಎನ್ನುತ್ತೇನೆ. ಅದು ಸುಳ್ಳಲ್ಲ. ಸಂಜೆ ಚಹಾ ಕುಡಿದು ಹಿತ್ತಲ ಬಾಗಿಲಲ್ಲಿ ನಿಂತು, "ಪ್ರಿಯಂವದಾಗ ನೀರ ಹಾಕಿದೇನು?" ಎಂದು ಕೇಳುತ್ತಿದ್ದಿರಲ್ಲ, ಆ ಮದುವೆಯ ನಂತರ ನಿಮ್ಮ ಬಾಯಿಂದ ಅವಳ ಹೆಸರು ಬರುತ್ತಿದ್ದದ್ದು ಅಷ್ಟೇ. ಊರಿಗೆ ಹೊರಡುವ ಹಿಂದಿನ ಸಂಜೆ ಅಲ್ಲೇ ನಿಂತು "ಆ ರುಯೇಲಿಯಾಕ್ಕ ನೀರ ದಂಡ ಮಾಡಬ್ಯಾಡ" ಎಂದಿರಿ. ನಿನ್ನೆ ಅವಳು ಮತ್ತೆ ಕೇಳಿದಳು. ಈಗ ಹೌದು ಎಂದರೆ ಸುಳ್ಳಾಗುತ್ತದೆ.