ನಿಮ್ಮ ವಯಸ್ಸು ಬೇಕಾಗಿದೆ

ಖೆಬ್
14 ಏಪ್ರಿಲ್ 2024

ಲಾನ್‌ಳ ಅಪ್ಪನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಕೊನೆಗೆ ನಮ್ಮೂರ ಹೆಂಗಸರ ಹಳೆಯ ರೂಢಿಗೇ ಬಂದೆ. ಮಗಳ ಅಪ್ಪ ಎಂದರೆ ಸುಳ್ಳಂತೂ ಆಗುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ಮಾತಿಗೇ ನಮ್ಮ ಜಗಳ ಶುರುವಾಗುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ. ಪೂರ್ತಿ ಓದಿ, ಬೈಯುವುದನ್ನು ಆಮೇಲೆ ಬೈಯಿರಿ.

ನಾನು ಮನೆ ಕೊಳ್ಳಬೇಕೆಂದಿದ್ದೇನೆ. ಹೌದು, ವಿಯೆಟ್ನಾಮಿನಲ್ಲಲ್ಲ, ಇಲ್ಲೇ, ಈ ಚೆಕ್ ಜನರ ನಾಡಿನಲ್ಲಿ, ಬ್ಯಾಂಕಿನ ಸಾಲ ಮಾಡಿ. ಮಿಲಾದಾ ಅಜ್ಜಿಯ ಮನೆ. ನಾವಿಬ್ಬರೂ ಗಡಿಯ ಸಂತೆಯಲ್ಲಿ ಜರ್ಮನರಿಗೆ ಚಳಿಕೋಟು ಮಾರುತ್ತಾ ಗಂಟಲು ಹರಿದುಕೊಳ್ಳುತ್ತಿದ್ದಾಗ ಲಾನ್‌ಳನ್ನು ಮಡಿಲಲ್ಲಿಟ್ಟುಕೊಂಡು ಸಾಕಿದ ಅಜ್ಜಿ. ನಾವು ಸಂಬಳ ಕೊಡುತ್ತಿದ್ದೆವು, ನಿಜ. ಆದರೆ ಲೆಂಕಾ ಎಂದು ಮುದ್ದಿನ ಹೆಸರಿಟ್ಟು ಜ್ವರ ಬಂದಾಗ ತೊಡೆಯ ಮೇಲಿಂದ ಇಳಿಸದೆ ಕೂತಿದ್ದಳಲ್ಲ, ಅದಕ್ಕೆ ಯಾರು ಸಂಬಳ ಕೊಟ್ಟಿದ್ದರು? ಅಜ್ಜಿ ಈಗ ಮಗನ ಊರಿಗೆ ಹೊರಟಿದ್ದಾಳೆ. ಮನೆಯನ್ನು ನನಗೇ ಕೊಡುತ್ತಾಳಂತೆ. ಆದರೆ ಹಿತ್ತಲಿನ ಚೆರ್ರಿ ಹಣ್ಣಾಗುವವರೆಗೆ ಮಾತ್ರ ಕಾಯುತ್ತಾಳೆ. ಆಮೇಲೆ ಮಗ ದಲ್ಲಾಳಿಯ ಕೈಗೆ ಒಪ್ಪಿಸಿಬಿಡುತ್ತಾನೆ. ಮರ ಈಗಾಗಲೇ ಹೂ ಬಿಟ್ಟಿದೆ.

ಅಜ್ಜಿಯ ಅರ್ಧ ಸಾಮಾನು ಸಾಗಿಸಿ ಆಗಿದೆ, ಒಂದು ಕೀಲಿ ನನ್ನ ಬಳಿ ಇದೆ. ಮಧ್ಯಾಹ್ನ ಅಂಗಡಿಗೆ ಗಿರಾಕಿ ಬರದ ಹೊತ್ತಿನಲ್ಲಿ ಹೋಗಿ ಆ ಖಾಲಿ ಕೋಣೆಗಳಲ್ಲಿ ಸುಮ್ಮನೆ ಕೂರುತ್ತೇನೆ. ಬಿಸಿಲು ಕಿಟಕಿಯಿಂದ ಇಳಿದು ಹಲಗೆಯ ನೆಲದ ಮೇಲೆ ಸರಿಯುತ್ತದೆ, ಅದರ ಜೊತೆ ನಾನೂ ಸರಿದು ಕೂರುತ್ತೇನೆ. ಮೊನ್ನೆ ಅಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಹಿತ್ತಲ ತುಂಬ ನಮ್ಮೂರ ಗದ್ದೆಯ ನೀರು ನಿಂತಿತ್ತು. ಚೆರ್ರಿ ಮರ ಮೊಣಕಾಲುದ್ದ ನೀರಿನಲ್ಲಿ ನಿಂತು ಹೂ ಉದುರಿಸುತ್ತಿತ್ತು. ಬಾತುಕೋಳಿಗಳು ಹೂವನ್ನೇ ಅಕ್ಕಿ ಎಂದುಕೊಂಡು ಹೆಕ್ಕುತ್ತಿದ್ದವು. ತೀರಿಹೋದ ನಿಮ್ಮ ಅಮ್ಮ ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತಾ, ಲುವಾ, ಇಷ್ಟು ದೂರ ತಂದು ನೆಟ್ಟಿದ್ದೀಯಲ್ಲೇ ಎಂದರು. ಬೈದರೋ ಮೆಚ್ಚಿದರೋ ತಿಳಿಯಲಿಲ್ಲ. ಮೇಲೆ ಯಾರೋ ಹೆಂಚು ಸರಿಸುವ ಸದ್ದಾಯಿತು. ಯಾರೆಂದು ನೋಡಲು ಹೊರಗೆ ಬರುವಷ್ಟರಲ್ಲಿ ಎಚ್ಚರವಾಯಿತು. ಅಂಗಡಿಗೆ ಮರಳಿದಾಗ ನನ್ನ ಕೆನ್ನೆಯ ಮೇಲೆ ಮೂಡಿದ್ದ ಹಲಗೆಯ ಗೆರೆ ನೋಡಿ ಲಾನ್ ನಕ್ಕಳು.

ಆ ಮನೆಯ ಛಾವಣಿ ಮಾತ್ರ ಹಳತು. ಬಿಚ್ಚಿ ಹೊಸದು ಹಾಕಿಸಬೇಕು. ಪೇಚು ಹುಟ್ಟಿದ್ದು ಅಲ್ಲಿಂದಲೇ. ಮದುವೆಗೆ ಹೆಣ್ಣಿನ ವಯಸ್ಸು ನೋಡು, ಮನೆಗೆ ಗಂಡಿನ ವಯಸ್ಸು ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರಲ್ಲ. ಸಂತೆಯಲ್ಲಿ ಎಲ್ಲರಿಗೂ ದಿನ ನೋಡಿಕೊಡುವ ಹ್ವಾನ್ ಮಾಮ, ಗಂಡು ದಿಕ್ಕಿಲ್ಲದ ಮನೆಯ ಹೆಂಚು ಕದಲಿಸಬೇಡ, ಈ ವರ್ಷ ವಯಸ್ಸಿಗೆ ದೋಷವಿಲ್ಲದ ಗಂಡಸಿನಿಂದ ವಯಸ್ಸು ಎರವಲು ತಗೋ ಎಂದರು. ಶಾಸ್ತ್ರ ನಿಮಗೆ ಗೊತ್ತೇ ಇದೆ. ಮನೆಯನ್ನು ಹೆಸರಿಗೆ ಒಂದು ಕ್ರೌನ್ ನಾಣ್ಯಕ್ಕೆ ಅವನಿಗೆ ಮಾರಿದೆನೆಂದು ಕಾಗದ ಬರೆದುಕೊಡಬೇಕು. ಅವನು ಊದುಬತ್ತಿ ಹಚ್ಚಿ ಮೊದಲ ಹೆಂಚು ತೆಗೆಯಬೇಕು, ನಾನು ಮನೆಯಿಂದ ದೂರ ಹೋಗಿ ಮರೆಯಲ್ಲಿ ನಿಂತಿರಬೇಕು. ಕೆಲಸ ಮುಗಿದ ಮೇಲೆ ಅವನಿಂದ ಮನೆಯನ್ನು ಮರಳಿ ಕೊಳ್ಳಬೇಕು. ನಿಮ್ಮ ತಮ್ಮ ಮನೆ ಕಟ್ಟಿದಾಗಲೂ ಹೀಗೇ ಮಾಡಿದ್ದರು.

ಬ್ಯಾಂಕಿನಲ್ಲಿ ಅಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಕಾಯಂ ವಾಸದ ಪರವಾನಗಿ ಇದೆ, ಅಂಗಡಿಯ ತೆರಿಗೆ ಬಾಕಿ ಇಲ್ಲ. ಪರದೇಶದವಳೆಂದು ಮೊದಲು ಮುಖ ಬಿಗಿದುಕೊಂಡಿದ್ದ ಸಾಲದ ಅಧಿಕಾರಿ ಹೋರಾಚ್ಕೊವಾ ಆ ದಿನ ಕಾಫಿಯನ್ನೂ ತರಿಸಿದ್ದಳು. ಲಾನ್ ಪಕ್ಕದಲ್ಲಿ ಕೂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ದಾಟಿಸುತ್ತಿದ್ದಳು. ಈ ಮನೆಯ ಮೇಲೆ ಬೇರೆ ಯಾರಿಗಾದರೂ ಹಕ್ಕು ಬರುವುದುಂಟೆ ಎಂದು ಅಧಿಕಾರಿ ಕೇಳಿದಳು. ಎಲ್ಲರನ್ನೂ ಕೇಳುವ ಪ್ರಶ್ನೆ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮನೆ ಕಟ್ಟುವ ವಿಷಯದಲ್ಲಿ ಸುಳ್ಳು ಹೇಳಿದರೆ ಹಿರಿಯರು ಮೆಚ್ಚುತ್ತಾರೆಯೇ ಎಂದುಕೊಂಡು, ಲಾನ್ ಮೇಜಿನ ಕೆಳಗೆ ಕಾಲು ತುಳಿಯುತ್ತಿದ್ದರೂ, ನನ್ನ ಹರಕುಮುರುಕು ಚೆಕ್ ಮಾತಿನಲ್ಲಿ ನಾನೇ ಬಾಯಿಬಿಟ್ಟೆ.

"ಸಾಲ ಸಿಕ್ಕಿದ ಮೇಲೆ ಮನೆ ಒಬ್ರಿಗೆ ಮಾರ್ತೀನಿ. ಒಂದು ಕ್ರೌನಿಗೆ."

"ಯಾರಿಗೆ?"

"ಇನ್ನೂ ಗೊತ್ತಿಲ್ಲ. ವಯಸ್ಸು ಸರಿಯಾಗಿರೋರು ಸಿಗಬೇಕು."

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ಸಾಲ ಅಲ್ಲಿಗೇ ನಿಂತಿತು. ಮನೆಗೆ ಬರುವ ದಾರಿಯುದ್ದಕ್ಕೂ ಲಾನ್ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಾಗಿಲ ಹತ್ತಿರ ಬಂದಾಗ, ಅಪ್ಪ ಇದ್ದಿದ್ದರೆ ನೀನು ಹೀಗೆ ಮಾತಾಡಲು ಬಿಡುತ್ತಿರಲಿಲ್ಲ ಎಂದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಆ ಮನೆ ಕೈತಪ್ಪಿದರೆ ಅವಳಿಗೆ ತವರು ಎನ್ನಲು ಈ ಭೂಮಿಯ ಮೇಲೆ ಒಂದು ಬಾಗಿಲೂ ಇರುವುದಿಲ್ಲ. ಊರಿನಲ್ಲಿ ನೀವು ಕಟ್ಟಿಸಿದ ಮೂರಂತಸ್ತಿನ ಮನೆ ಇದೆ ಎನ್ನುತ್ತೀರಿ, ಗೊತ್ತು. ನಾವು ಇಲ್ಲಿಗೆ ಮಾರೋಕೆ ಬಂದೋರು, ಇರೋಕಲ್ಲ ಎಂದು ಹೇಳಿ ಪ್ರಾಗಿಗೆ ಹೊರಟುಹೋದಿರಲ್ಲ, ಆ ಮಾತು ನನಗೆ ಇವತ್ತಿಗೂ ನೋಯುತ್ತದೆ. ಬೀಗ ಹಾಕಿದ ಆ ಮೂರಂತಸ್ತಿನಲ್ಲಿ ನಾನು ಒಂದು ಕನಸನ್ನೂ ಕಂಡಿಲ್ಲ.

ಮರುವಾರ ಮತ್ತೆ ಹೋದೆವು. ಈ ಸಲ ಲಾನ್ ನಿಧಾನವಾಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೋರಾಚ್ಕೊವಾ ನಕ್ಕುಬಿಟ್ಟಳು. ನಮ್ಮಲ್ಲೂ ಛಾವಣಿ ಏರಿಸಿದ ದಿನ ತುದಿಗೆ ಮರದ ಕೊಂಬೆ ಕಟ್ಟುತ್ತೇವೆ, ಆದರೆ ಕೊಂಬೆಗೆ ಯಾರೂ ಕ್ರಯಪತ್ರ ಬರೆದುಕೊಡುವುದಿಲ್ಲ ಎಂದಳು. ಕಾಗದ ಬೇಡ, ಬಾಯಿಮಾತಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಒಪ್ಪಿದಳು. ಆದರೆ ಆಕೆಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು.

"ಅರ್ಜಿಯಲ್ಲಿ ಗಂಡ ಇದ್ದಾರೆ ಅಂತ ಇದೆಯಲ್ಲ, ಅವರೆಲ್ಲಿ?"

ಗಂಡಹೆಂಡಿರ ಆಸ್ತಿ, ಸಾಲ ಎರಡೂ ಒಂದೇ ಗಂಟು ಎನ್ನುತ್ತದಂತೆ ಇಲ್ಲಿಯ ಕಾನೂನು. ಒಂದೋ ನೀವು ಬಂದು ನನ್ನ ಜೊತೆ ಸಾಲಕ್ಕೆ ಸಹಿ ಹಾಕಬೇಕು, ಇಲ್ಲವೇ ನಮ್ಮಿಬ್ಬರದು ಬೇರೆ ಬೇರೆ ಎಂದು ನೋಟರಿಯ ಮುಂದೆ ಬರೆದುಕೊಡಬೇಕು. ನೋಟರಿಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಪ್ರಾಗಿನಲ್ಲೇ ಸಹಿ ಮಾಡಿ ಅಂಚೆಗೆ ಹಾಕಿದರೆ ಸಾಕು, ಇಷ್ಟು ದೂರ ಬರುವ ತೊಂದರೆ ಇಲ್ಲ. ನಿಮಗೂ ಅದೇ ಸುಲಭ.

ಉಳಿದದ್ದು ವಯಸ್ಸಿನ ಮಾತು. ನಮ್ಮ ಹನ್ನೆರಡು ಪ್ರಾಣಿಗಳ ವರ್ಷದ ಲೆಕ್ಕದಲ್ಲಿ ಕೋಣನ ವರ್ಷದಲ್ಲಿ ಹುಟ್ಟಿದವರಿಗೆ ಈ ಸಲ ಯಾವ ದೋಷವೂ ಇಲ್ಲ ಎಂದು ಹ್ವಾನ್ ಮಾಮ ಲೆಕ್ಕ ಹಾಕಿ ಹೇಳಿದರು. ನನಗೆ ಗೊತ್ತಿರುವ ಕೋಣ ನೀವೊಬ್ಬರೇ. ನಗಬೇಡಿ. ಕಾಗದಪತ್ರವಿಲ್ಲದೆ ಮನೆ ಮಾರಿ, ಅದನ್ನು ಕೇಳಿದ ದಿನ ಹಿಂದೆ ಕೊಡುತ್ತಾನೆಂದು ನಂಬಬಹುದಾದ ಗಂಡಸು ಯಾರೆಂದು ಯೋಚಿಸಿದೆ. ಸಂತೆಯವರೆಲ್ಲ ಕಣ್ಣ ಮುಂದೆ ಬಂದು ಹೋದರು, ಕೊನೆಗೆ ನಿಂತದ್ದು ನೀವೇ. ನಮ್ಮ ನಡುವೆ ಏನೆಲ್ಲ ಕೆಟ್ಟರೂ ಅದೊಂದು ಕೆಟ್ಟಿಲ್ಲವೆಂದು ನನಗೇ ಆಶ್ಚರ್ಯವಾಯಿತು. ಒಬ್ಬ ಗಂಡಸು ಏಕಕಾಲಕ್ಕೆ ಎರಡು ಮನೆಗೆ ವಯಸ್ಸು ಕೊಡುವಂತಿಲ್ಲ ಎಂಬ ನಿಯಮವೂ ಇದೆ. ಅಲ್ಲಿ ಬೇರೆ ಯಾರಿಗೂ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಹೇಳಿಬಿಡಿ, ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ.

ಬಂದರೆ ಒಂದು ದಿನದ ಕೆಲಸ. ನೀವು ಮೊದಲ ಹೆಂಚು ತೆಗೆಯುವಾಗ ನಾನು ಶಾಸ್ತ್ರದ ಹಾಗೆ ಬೀದಿಯ ತುದಿಯಲ್ಲಿ ಮರೆಯಾಗಿ ನಿಂತಿರುತ್ತೇನೆ. ಸದ್ದು ಮಾತ್ರ ಕೇಳಿಸಿಕೊಳ್ಳುತ್ತೇನೆ. ಕನಸಿನಲ್ಲಿ ಕೇಳಿದ ಸದ್ದು ಅದೇ ಹೌದೋ ಅಲ್ಲವೋ ಎಂದು ಆಗ ತಿಳಿದೀತು. ಏಣಿ ಹತ್ತುವಾಗ ಎಡಗಾಲಿನ ಮೇಲೆ ಭಾರ ಹಾಕಬೇಡಿ. ಮಂಡಿನೋವು ವಾಸಿಯಾಗಿಲ್ಲವೆಂದು ಲಾನ್ ಹೇಳುತ್ತಿದ್ದಳು. ಅಲ್ಲಿ ನಿಮ್ಮ ಸರಕಿನ ಉಗ್ರಾಣದ ತಣ್ಣನೆಯ ನೆಲದಲ್ಲಿ ಮಲಗುವುದನ್ನಾದರೂ ಬಿಡಿ.

ಇಂತಿ,
ಲಾನ್‌ಳ ಅಮ್ಮ
ಲುವಾ

ಮರೆತ ಮಾತು: ಲಕೋಟೆಯಲ್ಲಿ ನೋಟರಿಯ ಕಾಗದ ಹುಡುಕಬೇಡಿ. ಬರೆಯುವಾಗ ಇಟ್ಟಿದ್ದೆ, ಅಂಟಿಸುವ ಮುಂಚೆ ತೆಗೆದುಬಿಟ್ಟೆ. ಮತ್ತೆ, ಛಾವಣಿ ಮುಗಿದ ದಿನ ಒಂದು ಕ್ರೌನ್ ಕೊಟ್ಟು ಮನೆಯನ್ನು ನಿಮ್ಮಿಂದ ಮರಳಿ ಕೊಂಡು ನಿಮ್ಮನ್ನು ಕಳಿಸಿಕೊಡಬೇಕೆಂದು ಶಾಸ್ತ್ರ ಹೇಳುತ್ತದೆ. ಆ ಒಂದು ಕ್ರೌನನ್ನು ನಾನು ಕೊಡುವವಳಲ್ಲ.