ದಾವಣಗೆರೆಗಿಂತ ಮೊದಲು ಸಿಗುವ ಊರು

ಸಿಯೆಮ್ ರೀಪ್, ಕಾಂಬೋಡಿಯಾ
6 ಫೆಬ್ರವರಿ 2007, ಮಂಗಳವಾರ

ಪ್ರೀತಿಯ ಅಜ್ಜನಿಗೆ,

ದಿವ್ಯಳ ನಮಸ್ಕಾರ. ಅಜ್ಜಿ ಮತ್ತು ನಾನು ಚೆನ್ನಾಗಿದ್ದೇವೆ. ಈ ಕಾಗದ ಜಯಪುರದ ಸುಂದರೇಶಣ್ಣನ ಬೂತಿಗೆ ಫ್ಯಾಕ್ಸ್‌ನಲ್ಲಿ ಬಂದು, ಅವರ ಕೈಯಿಂದ ನಿಮಗೆ ತಲುಪುತ್ತದೆ. ಓದದೆ ಕೊಡಿ ಎಂದು ಮೇಲೊಂದು ಹಾಳೆಯಲ್ಲಿ ಬರೆದಿದ್ದೇನೆ. ಓದಿಯೇ ಕೊಡುತ್ತಾರೆ, ಇರಲಿ. ಫೋನ್ ಮಾಡಬಹುದಿತ್ತು. ಆದರೆ ನೀವು "ಹ್ಞಾ, ಸರಿ" ಎಂದು ಇಟ್ಟುಬಿಡುತ್ತೀರಿ. ನನಗೋ, ಫೋನು ಕಿವಿಗಿಟ್ಟರೆ ಹೇಳಬೇಕಾದ್ದು ಮರೆತುಹೋಗುತ್ತದೆ.

ಕೊಪ್ಪದ ಹಿರಿಯರ ಬಳಗದ ಹದಿನಾಲ್ಕೂ ಜನ ಗಟ್ಟಿಯಾಗಿದ್ದಾರೆ. ಗಣಪಯ್ಯ ಮೇಷ್ಟ್ರು ಇಲ್ಲಿಯೂ ಶಾಲೆ ಬಿಟ್ಟಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದ ಕೂಡಲೇ ಹಾಜರಿ. ಕಳೆದುಹೋದರೆ ಎಂತ ಹೇಳಬೇಕು ಎಂದು ಒಬ್ಬೊಬ್ಬರನ್ನೇ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನು ಪೂರ್ತಿ ಹೇಳಬೇಕು, ಅದೇ ಪಾಠ. ಅಜ್ಜಿಯ ಸರದಿ ಬಂದಾಗ ಅವರು "ವೆಂಕಮ್ಮ" ಎಂದು ನಿಲ್ಲಿಸುತ್ತಾರೆ. ಮುಂದಿನದನ್ನು ಕಿಗ್ಗದ ಪ್ರೇಮಕ್ಕ ಹೇಳಿ ಮುಗಿಸುತ್ತಾರೆ. ಗಂಡನ ಹೆಸರನ್ನು ಊರಿನವರೆಲ್ಲ ಹೇಳಬಹುದು, ಹೆಂಡತಿ ಮಾತ್ರ ಹೇಳಬಾರದು ಎಂಬುದು ಈ ಊರಿನ ಬಸ್ಸಿನಲ್ಲಿಯೂ ನಡೆಯುತ್ತಿದೆ.

ನಿಮ್ಮ ಜಾಗದಲ್ಲಿ ನಾನು ಬಂದಿದ್ದೇನೆ ಎನ್ನುವುದನ್ನು ಒಂದು ದಿನವೂ ಮರೆತಿಲ್ಲ ಅಜ್ಜ. ಅಜ್ಜಿಯೂ ಮರೆಯಲು ಬಿಡುವುದಿಲ್ಲ. ಬಸ್ಸಿನಲ್ಲಿ ನನ್ನನ್ನು ಹಿಂದೆ ಕೂರಿಸಿ, ತಮ್ಮ ಪಕ್ಕದ ಸೀಟಿಗೆ ಚೀಲ ಇಟ್ಟುಕೊಳ್ಳುತ್ತಾರೆ. ಯಾರಾದರೂ ಕೂರಲು ಬಂದರೆ, "ಜನ ಇದಾರೆ" ಎನ್ನುತ್ತಾರೆ.

ಇಲ್ಲಿ ನೋಡಿದ್ದನ್ನೆಲ್ಲ ಬರೆಯಲು ಕುಳಿತರೆ ಫ್ಯಾಕ್ಸಿನ ಹಾಳೆ ಸಾಲದು. ಸಂತೆಯಲ್ಲಿ ಮುದುಕಿಯರು ಎಲೆ ಅಡಿಕೆ ಹಾಕುತ್ತಾರೆ. ಅಜ್ಜಿ ಒಬ್ಬಳ ಎದುರು ಕುಕ್ಕರಗಾಲಲ್ಲಿ ಕೂತು, ತಮ್ಮ ಸಂಚಿಯಿಂದ ಒಂದು ಹೋಳು ಕೊಟ್ಟರು. ಅವಳು ತನ್ನದರಿಂದ ಒಂದು ಹೋಳು ಕೊಟ್ಟಳು. ಇಬ್ಬರೂ ಅಗಿದು, ಇಬ್ಬರೂ ಒಟ್ಟಿಗೇ ಮುಖ ಕಿವಿಚಿದರು. ಆಮೇಲೆ ಕಾಲು ಗಂಟೆ ಮಾತಾಡಿದರು. ಯಾವ ಭಾಷೆಯಲ್ಲಿ ಎಂದು ಕೇಳಿದರೆ ನನ್ನನ್ನೇ ದಡ್ಡಿಯ ಹಾಗೆ ನೋಡಿದರು. ದೇವಸ್ಥಾನದ ಪೌಳಿಗೋಡೆಯ ಕೆಂಪು ಕಲ್ಲನ್ನು ನರಸಿಂಹರಾಜಪುರದ ತಿಮ್ಮಣ್ಣನವರು ಉಗುರಿನಿಂದ ಕೆರೆದು ನೋಡಿ, "ನಮ್ಮ ಜಂಬಿಟ್ಟಿಗೆ ಮಾರಾಯ್ರೆ, ಇಲ್ಲಿಗೆ ಯಾವಾಗ ಬಂತು?" ಎಂದರು. ಕಾವಲಿನವನು ಸೀಟಿ ಊದಿದ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ನಿನ್ನೆ ನಮ್ಮನ್ನು ಈ ಊರಿನ ಹೊರಗಿನ ಹಳೆಯ ರಾಜಧಾನಿಗೆ ಕರೆದುಕೊಂಡು ಹೋದರು. ಸೋಫಲ್ ಎಂಬ ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಾನೆ, ನಾನು ಕನ್ನಡದಲ್ಲಿ ಹೇಳುತ್ತೇನೆ. ಹದಿನಾಲ್ಕು ಜನರ ಎದುರು ನನ್ನ ದನಿ ಏಳುವುದಿಲ್ಲ, ಪ್ರೇಮಕ್ಕ ಅದನ್ನೇ ಜೋರಾಗಿ ಇನ್ನೊಮ್ಮೆ ಹೇಳುತ್ತಾರೆ. ಆ ರಾಜಧಾನಿಯ ಹೆಸರು ಕೇಳಿ ಸೋಫಲ್‌ನನ್ನು ಇನ್ನೊಮ್ಮೆ ಕೇಳಿದೆ. ಹರಿಹರಾಲಯ. ಸಾವಿರದ ನೂರು ವರ್ಷದ ಹಿಂದಿನ ಊರು, ಅಜ್ಜ, ನಿಮ್ಮ ಹೆಸರಿನದು.

ಸೋಫಲ್ ಎಲ್ಲರಿಂದ ಮೂರು ಸಲ ಹೇಳಿಸಿದ. ಅಜ್ಜಿ ಕಿಟಕಿಯ ಕಡೆ ತಿರುಗಿದರು. ಪ್ರೇಮಕ್ಕ ಬಿಡಬೇಕಲ್ಲ, "ಎಲ್ಲಿಗೆ ಬಂದೆವು ಹೇಳಿ ವೆಂಕಮ್ಮ" ಎಂದು ಕೆಣಕಿದರು. ಅಜ್ಜಿ, "ಎಲ್ಲಿಗೆ ಎಂತ, ನಮ್ಮನೆಗೆ" ಎಂದರು. ಬಸ್ಸು ಪೂರ್ತಿ ನಕ್ಕಿತು. ಆಮೇಲೆ ಸೋಫಲ್ ಹರಿಹರನ ವಿಗ್ರಹದ ಫೋಟೋ ತೋರಿಸಿದ. ಒಂದೇ ತಲೆಯ ಅರ್ಧಕ್ಕೆ ಜಟೆ, ಅರ್ಧಕ್ಕೆ ಕಿರೀಟ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಇವರೂ ಹಿಂಗೇ. ಅರ್ಧ ದಿನ ಒಂಥರ, ಇನ್ನರ್ಧ ದಿನ ಇನ್ನೊಂಥರ" ಎಂದರು. ಮತ್ತೆ ಸಣ್ಣ ದನಿಯಲ್ಲಿ, "ಈಗೊಂದು ತಿಂಗಳಿಂದ ಪೂರ್ತಿ ಒಂದೇ ಥರ" ಎಂದರು. ಅದು ನನಗೆ ಮಾತ್ರ ಕೇಳಿಸಿತು.

ನೀವು ಅಜ್ಜಿಯೊಡನೆ ಮಾತು ಬಿಟ್ಟು ಒಂದು ತಿಂಗಳಾಯಿತು. ಹೊರಡುವ ದಿನ ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಅಜ್ಜಿಯ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದಾಗ ನೀವು ಮನೆಯಲ್ಲಿದ್ದಿರಿ, ಸಲೀಸಾಗಿ ಆಯಿತು. ನಿಮ್ಮದಕ್ಕೆ ಬಂದಾಗ ನೀವಿರಲಿಲ್ಲ. ಯಜಮಾನರ ಹೆಸರೇನು ಎಂದು ಕೇಳಿದರೆ, ಅಜ್ಜಿ "ದಾವಣಗೆರೆಗಿಂತ ಮುಂಚೆ ಸಿಗ್ತದಲ್ಲ, ಆ ಊರು" ಎಂದುಬಿಟ್ಟರು. ಬಂದವರು ಅವಸರದಲ್ಲಿ ದಾವಣಗೆರೆಯನ್ನಷ್ಟೇ ಬರೆದುಕೊಂಡರು. ಅರ್ಜಿದಾರರು ಈ ವಿಳಾಸದಲ್ಲಿ ಇಲ್ಲ, ದಾವಣಗೆರೆ ಕಡೆಯವರು ಎಂದು ವರದಿಯಾಯಿತು. ಅದು ಸರಿಹೋಗುವ ಮೊದಲೇ ಪ್ರಯಾಣದ ದಿನ ಬಂದಿತ್ತು. "ನಲವತ್ತೆಂಟು ವರ್ಷ ಸಂಸಾರ ಮಾಡಿ ನನ್ನನ್ನ ದಾವಣಗೆರೆಗೆ ಕಳಿಸಿದ್ಲು" ಎಂದು ನೀವು ಜಗುಲಿಯಲ್ಲಿ ಹೇಳಿದ್ದೇ ಕೊನೆಯ ಮಾತು. ಅದೂ ಅಜ್ಜಿಗೆ ಹೇಳಿದ್ದಲ್ಲ, ಕಂಬಕ್ಕೆ ಹೇಳಿದ್ದು.

ನಿನ್ನೆಯ ದೇವಸ್ಥಾನದ ಹೆಸರು ಬಾಕೋಂಗ್. ಮೆಟ್ಟಿಲ ಮೇಲೆ ಮೆಟ್ಟಿಲಾಗಿ ಏರುವ ಕಲ್ಲಿನ ಗುಡ್ಡ. ಮೊಣಕಾಲು ನೋವೆಂದು ಅಜ್ಜಿ ಕೆಳಗೆ ನೆರಳಿನಲ್ಲಿ ಕುಳಿತರು, ನಾವು ಹತ್ತಿದೆವು. ಇಳಿದು ಬಂದಾಗ ಅವರಿರಲಿಲ್ಲ. ಕೊರಳಿಗೆ ಹಾಕಿಕೊಳ್ಳುವ ಹೆಸರಿನ ಚೀಟಿ ಕರಿಮಣಿಗೆ ಸಿಕ್ಕಿಕೊಳ್ಳುತ್ತದೆಂದು ಬಸ್ಸಿನಲ್ಲೇ ಬಿಟ್ಟಿದ್ದರು. ಗಣಪಯ್ಯನವರ ಮುಖ ಬಿಳಿಚಿಕೊಂಡಿತು. ಎಲ್ಲರೂ ಒಂದೊಂದು ದಿಕ್ಕಿಗೆ ಹೋದೆವು.

ನಾಲ್ಕೂ ಕಡೆಯಿಂದ ಒಂದೇ ಥರ ಕಾಣುವ ಗುಡ್ಡ ಅದು, ನಾಲ್ಕೂ ಕಡೆ ಅದೇ ಮೆಟ್ಟಿಲು, ಅದೇ ಸಿಂಹಗಳು. ಕಲ್ಲಿನ ಆನೆ ನೋಡಲು ಎದ್ದುಹೋದ ಅಜ್ಜಿ ಸುತ್ತಿ ಬಂದು, ಬೇರೆ ದಿಕ್ಕಿನ ಮೆಟ್ಟಿಲ ಹತ್ತಿರ ನಮ್ಮನ್ನು ಕಾಯುತ್ತ ನಿಂತಿದ್ದರು. ಒಂದು ಇಟ್ಟಿಗೆಯ ಗೋಪುರದ ಹಿಂದಿನಿಂದ ನನಗೆ ಅವರ ದನಿ ಕೇಳಿತು. ಕಾವಲಿನವನೊಬ್ಬ ಏನೋ ಕೇಳುತ್ತಿದ್ದ. ಅಜ್ಜಿ "ವೆಂಕಮ್ಮ" ಎಂದರು. ಅವನಿಗೆ ತಿಳಿಯಲಿಲ್ಲ. ಮತ್ತೆ "ವೆಂಕಮ್ಮ". ನಾನು ಹೋಗಬೇಕಿತ್ತು. ಹೋಗಲಿಲ್ಲ. ಮುಂದಿನದನ್ನು ಹೇಳುತ್ತಾರೋ ಇಲ್ಲವೋ ಎಂಬ ಕುತೂಹಲ ಕಾಲು ಹಿಡಿಯಿತು.

ಅಜ್ಜಿ ಆ ಕಡೆ ಈ ಕಡೆ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ವೆಂಕಮ್ಮ ಹರಿಹರ" ಎಂದರು.

ಅವನ ಮುಖ ಅರಳಿತು. ತನ್ನ ಕಾಲಬುಡದ ನೆಲ ತೋರಿಸಿ, ಇದೇ, ಇಲ್ಲೇ ಎಂಬಂತೆ ತಲೆ ಆಡಿಸಿದ. ಅವನಿಗೆ ಅದು ಊರಿನ ಹೆಸರು. ಅಜ್ಜಿ ಗಾಬರಿಯಾಗಿ ನೆಲ ನೋಡಿದರು. "ಇಲ್ಲಲ್ಲ ಮಾರಾಯ. ಹರಿಹರ ಜಯಪುರದಲ್ಲಿ ಇದಾರೆ." ಅವನು ಇನ್ನಷ್ಟು ನಕ್ಕು ಇನ್ನೊಮ್ಮೆ ನೆಲ ತೋರಿಸಿದ. ಆಗ ಅಜ್ಜಿ ಸೆರಗು ತೆಗೆದು, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಹರಿಹರ ಬಂದಿಲ್ಲ. ಬರೋ ಆಸೆ ಬಾಳ ಇತ್ತು ಅವರಿಗೆ. ನಾ ಆವತ್ತು ಇಷ್ಟು ಹೇಳಿದ್ರೆ ಆಗಿತ್ತು, ಹೇಳ್ಲಿಲ್ಲ."

ಆಮೇಲೆ ನಾನು ಗೋಪುರದ ಮರೆಯಿಂದ ಹೊರಗೆ ಬಂದೆ. ಎಷ್ಟು ಹೊತ್ತಿನಿಂದ ನಿಂತಿದ್ದೀ ಎಂದು ಕೇಳಿದರು. ಈಗ ಬಂದೆ ಎಂದೆ. "ನೀ ಮರೆಯಲ್ಲಿ ನಿಲ್ಲೋದು ನಂಗೆ ಹೊಸದಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. "ಇವರಿಗೆ ಹೇಳಬೇಡ, ಹೆಸರು ಹೇಳಿದ್ರೆ ಗಂಡನ ಆಯಸ್ಸು ಕಮ್ಮಿ ಆಗ್ತದಂತೆ" ಎಂದರು. ಹಾಗೆಂದವರೇ, ಪಕ್ಕದ ಬೌದ್ಧ ಭಿಕ್ಷುಗಳ ಗುಡಿಗೆ ನನ್ನನ್ನು ಎಳೆದುಕೊಂಡು ಹೋಗಿ ಊದುಬತ್ತಿ ಹಚ್ಚಿದರು. ಮೂರು ಸಲ ಹೆಸರು ಬಾಯಿಗೆ ಬಂದದ್ದಕ್ಕೆ ಮೂರು ಊದುಬತ್ತಿ, ನಿಮ್ಮ ಆಯಸ್ಸಿಗೆ. ಬುದ್ಧನಿಗೆ ಹರಕೆ ನಡೆಯುತ್ತದೆಯೇ ಎಂದು ಕೇಳಿದೆ. "ದೇವರಿಗೆ ದಾವಣಗೆರೆ ಯಾವುದು, ಜಯಪುರ ಯಾವುದು ಅಂತ ಗೊತ್ತಿರ್ತದೆ" ಎಂದರು.

ಹೇಳಬೇಡ ಎಂದದ್ದನ್ನು ಹೇಳಿದ್ದೇನೆ. ತಪ್ಪಾದರೆ ನನ್ನದು.

ಭಾನುವಾರ ಬೆಳಿಗ್ಗೆ ನಮ್ಮ ಬಸ್ಸು ಜಯಪುರಕ್ಕೆ ಬರುತ್ತದೆ. ನೀವು ಬರುತ್ತೀರೋ ಎಂದು ಅಜ್ಜಿ ಕೇಳಿಲ್ಲ. ಆದರೆ ನಿನ್ನೆಯಿಂದ, ಬಸ್ಸು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಗಣಪಯ್ಯನವರನ್ನು ನಾಲ್ಕು ಸಲ ಕೇಳಿದ್ದಾರೆ. ಆರೂವರೆಗೆ ಅಜ್ಜ.

ನಿಮ್ಮ
ದಿವ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ವಿಚಾರಣೆಗೆ ಬಂದ ದಿನ ಮನೆಯಲ್ಲಿ ತಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ ಎಂದು ಅಜ್ಜಿ ನಿಮಗೆ ಹೇಳಿದರಲ್ಲ, ಅದು ನನಗಾಗಿ ಹೇಳಿದ ಸುಳ್ಳು. ನಾನಿದ್ದೆ. ಅಡಿಗೆಮನೆ ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತಿದ್ದೆ. "ದಿವ್ಯಾ, ಬಂದು ಹೆಸರು ಹೇಳೇ" ಎಂದು ಎರಡು ಸಲ ಕರೆದರು. ಗುರುತಿಲ್ಲದವರ ಎದುರು ಬರಲು ನಾಚಿಕೆಯಾಗಿ ಉಸಿರು ಹಿಡಿದು ನಿಂತೆ. ಒಂದು ತಿಂಗಳಿಂದ ಅಜ್ಜಿ ಈ ವಿಷಯದಲ್ಲಿ ಯಾರೆದುರೂ ನನ್ನ ಹೆಸರನ್ನೂ ಹೇಳಿಲ್ಲ. ಭಾನುವಾರ ಬಂದರೆ ಮೊದಲು ಅವರ ಚೀಲ ಇಳಿಸಿಕೊಳ್ಳಿ. ಬೈಯುವುದಿದ್ದರೆ ನಾನು ಹಿಂದಿನ ಸೀಟಿನಲ್ಲಿರುತ್ತೇನೆ.