ಅಕ್ಕನ ಪಾಲಿನ ಅರ್ಧ ಮನೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಸೊಂಟ ಹೇಗಿದೆ? ಹೋದ ವಾರ ಇಲ್ಲಿಗೆ ಬಂದುಹೋದದ್ದರಿಂದ ನೋವು ಹೆಚ್ಚಾಗಿರಬೇಕು. ಕೇಳಿದರೆ ಅವರು ಬಾಯಿ ಬಿಡುವವರಲ್ಲ, ನೀನೇ ಬರೆ. ಪುಟ್ಟಿಯ ಪರೀಕ್ಷೆ ಮುಗಿಯಿತೇ? ನಾನೂ ಇವಳೂ ಚೆನ್ನಾಗಿದ್ದೇವೆ. ಇವಳ ಕೆಮ್ಮು ಹೋಯಿತು. ಇಸ್ತ್ರಿಯ ಹಬೆಯೇ ಔಷಧಿ ಎಂದು ಅವಳ ವಾದ. ಫೋನು ಇರುವಾಗ ಇವನೇಕೆ ಕಾಗದ ಬರೆಯುತ್ತಿದ್ದಾನೆ ಎಂದು ನಗಬೇಡ. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಬೇರೆಲ್ಲ ಹೇಳಿಬಿಡುತ್ತೇನೆ. ಮೊನ್ನೆ ಹೇಳೋಣವೆಂದೇ ಫೋನು ಮಾಡಿ, ಬಿಸಿಲಿನ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ.

ಮನೆಯ ಮೇಲಿನ ಸಾಲ ತೀರಿತು ಅಕ್ಕಾ. ಲಾಂಡ್ರಿಗೆ ದೊಡ್ಡ ಯಂತ್ರಗಳನ್ನು ತರಲು ಅಪ್ಪ ಬಿಟ್ಟುಹೋದ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟಾಗ ನಿನ್ನ ಸಹಿಯೂ ಬೇಕಾಗಿತ್ತು, ಅರ್ಧ ನಿನ್ನದಲ್ಲವೇ. ನೀನು ಒಂದು ಪುಟವನ್ನೂ ಓದಲಿಲ್ಲ. "ಎಲ್ಲಿ ಹಾಕ್ಬೇಕು ಬೇಗ ತೋರಿಸೋ, ಹಾಲು ಉಕ್ಕತ್ತೆ" ಎಂದು ಒಲೆಯ ಕಡೆ ನೋಡುತ್ತಲೇ ಸಹಿ ಹಾಕಿದೆ. ಬೇಗ ಬಿಡಿಸಿಕೊಡುತ್ತೇನೆ ಎಂದು ನಾನು ಎದೆ ತಟ್ಟಿಕೊಂಡಿದ್ದೆ. ಆಮೇಲೆ ಬಾಯ್ಲರ್ ಕೆಟ್ಟದ್ದು, ಹಾಸಿಗೆ ಹೊದಿಕೆ ಒಗೆಯಲು ಕೊಡುತ್ತಿದ್ದ ಹೋಟೆಲಿನವರು ಕೈಕೊಟ್ಟದ್ದು, ಎಲ್ಲ ನಿನಗೆ ಗೊತ್ತು. ಅದೇ ಹೊತ್ತಿಗೆ ಭಾವ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದರು. ಡಾಕ್ಟರು ಆಪರೇಷನ್ ಆಗಬೇಕು ಅಂದ ದಿನ ನೀನು ಫೋನು ಮಾಡಿ, "ಮನೆ ಸಾಲ ಎಲ್ಲಿಗೆ ಬಂತೋ?" ಎಂದು ಕೇಳಿದೆ. ನಾನು ಬಾಯ್ಲರ್ ಪುರಾಣ ಬಿಚ್ಚಿದೆ. ನೀನು ಪೂರ್ತಿ ಕೇಳಿಸಿಕೊಂಡು, "ಆಯ್ತು, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಇಟ್ಟೆ. ನಿನ್ನ ಪಾಲು ಕೈಗೆ ಸಿಕ್ಕಿದ್ದರೆ ಭಾವನಿಗೆ ಆಪರೇಷನ್ ಆಗುತ್ತಿತ್ತು ಎಂಬುದು ನನಗೆ ಆಗಲೇ ಹೊಳೆದಿತ್ತು. ಹೊಳೆಯದವನ ಹಾಗೆ ಇದ್ದೆ.

ಕೊನೆಯ ಕಂತು ಕಟ್ಟಿದ್ದು ಜನವರಿಯಲ್ಲಿ. ಹೌದು, ಜನವರಿಯಲ್ಲೇ. ಈಗ ಮಾರ್ಚ್. ನಡುವೆ ನಿನಗೇಕೆ ಹೇಳಲಿಲ್ಲ ಎಂಬುದೇ ಈ ಕಾಗದ. ಅಂದು ಬ್ಯಾಂಕಿನಲ್ಲಿ ಸಾಲದ ಮೇಜಿನ ಮೇಡಂ ಮನೆಪತ್ರಗಳನ್ನು ನನ್ನ ಕಡೆ ಸರಿಸಿ, "ಇಷ್ಟಕ್ಕೇ ಮುಗೀಲಿಲ್ಲ ಸರ್" ಅಂದರು. "ಸಾಲ ತೀರ್ತು ಅಂತ ಎಷ್ಟೋ ಜನ ಮನೆಗೆ ಹೋಗಿ ಮಲಗಿಬಿಡ್ತಾರೆ. ನೋಂದಣಿ ಕಚೇರಿ ದಾಖಲೆಯಲ್ಲಿ ಮನೆ ಇನ್ನೂ ನಮ್ಮ ಹತ್ರಾನೇ ಅಡ ಇರತ್ತೆ. ಒಂದು ದಿನ ಹೇಳಿ, ನಾನೇ ಬಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತೀನಿ." ನಾನು ಸುಮ್ಮನೆ ಕೇಳುವವನಂತೆ, "ತೆಗೆಸದೇ ಇದ್ರೆ ಏನಾಗತ್ತೆ ಮೇಡಂ?" ಅಂದೆ. "ಏನೂ ಆಗಲ್ಲ. ಇರ್ಬಹುದು, ಬಾಡಿಗೆಗೆ ಕೊಡಬಹುದು. ಮಾರೋಕೆ ಹೋದಾಗ ಮಾತ್ರ ಯಾರೂ ತಗೊಳಲ್ಲ" ಅಂದರು.

ಮಾರೋಕೆ ಹೋದಾಗ ಮಾತ್ರ. ಆ ಮಾತು ನನಗೆ ಎಷ್ಟು ಹಿತವಾಗಿತ್ತು ಎಂದರೆ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸಾಲ ತೀರಿತೆಂದು ಗೊತ್ತಾದರೆ ನೀನು ನಿನ್ನ ಪಾಲು ಕೇಳುತ್ತೀಯ. ಕೇಳುವುದು ನ್ಯಾಯ. ಕೊಡಲು ನನ್ನಲ್ಲಿ ಹಣವಿಲ್ಲ. ಹೇಳದೆ ಇದ್ದರೆ, ದಾಖಲೆಯಲ್ಲಿ ಅಡ ಹಾಗೆಯೇ ಇದ್ದರೆ, ಯಾರೂ ಏನೂ ಕೇಳುವುದಿಲ್ಲ. ನಾನೇನೂ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ಹೀಗೆ ಲೆಕ್ಕ ಹಾಕಿ ಪತ್ರಗಳನ್ನು ಬೀರುವಿನಲ್ಲಿ ಹಳೆಯ ರಗ್ಗಿನ ಕೆಳಗೆ ಇಟ್ಟೆ. ಮೇಡಂ ಒಮ್ಮೆ ಫೋನು ಮಾಡಿ ಯಾವಾಗ ಬರಲಿ ಎಂದು ಕೇಳಿದರು. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದೆ. ಇವಳೂ ಕೇಳಿದಳು, "ಅಕ್ಕನಿಗೆ ಹೇಳಿದ್ರಾ?" ಎಂದು. ಹೇಳೋಣ ಹೇಳೋಣ ಎಂದೆ. ಅವಳು ಮತ್ತೆ ಕೇಳಲಿಲ್ಲ, ಆದರೆ ಅಂದಿನಿಂದ ನನ್ನ ಜೊತೆ ಹಾಸಿಗೆ ಬಟ್ಟೆ ಮಡಚುವಾಗ ತಲೆ ಎತ್ತುವುದನ್ನು ಬಿಟ್ಟಳು.

ಅಷ್ಟರಲ್ಲಿ ಭಾವ ಬಂದರು. ಬಣ್ಣದಂಗಡಿಯ ಸಾಮಾನು ಒಯ್ಯಲು ಬಂದವರು ಹಾಗೆಯೇ ಲಾಂಡ್ರಿಗೆ ಇಣುಕಿದರು. ಮೂರು ಮೆಟ್ಟಿಲು ಹತ್ತಲು ಬಾಗಿಲ ಚೌಕಟ್ಟು ಹಿಡಿದು, ಒಂದೊಂದಕ್ಕೂ ನಿಂತರು. ನಾನು ಕೈ ಕೊಡಲು ಓಡಿದರೆ, "ಬಿಡೋ ಭಾಮೈದ, ನಾನೇನು ಮದುವಣಗಿತ್ತಿಯಾ?" ಅಂದರು. ಕಾಫಿ ಕುಡಿದು ನಮ್ಮ ಬೋರ್ಡು ನೋಡಿ ಮುಖ ಕಿವುಚಿದರು. "ಥೂ, ಯಾರಪ್ಪ ಬರೆದದ್ದು, ನಾನೇ ಅಲ್ವಾ!" ಎಂದು ಚೀಲದಿಂದ ಬ್ರಷ್ಷು ತೆಗೆದು, ಸ್ಟೂಲಿನ ಮೇಲೆ ಕೂತು ಬಳಿಯತೊಡಗಿದರು. ಕೂತಲ್ಲಿಂದ ಅವರ ಕೈಗೆ ಎಟುಕಿದ್ದು ಕೆಳಗಿನ ಸಾಲು ಮಾತ್ರ. ಆಗ ಬೆನ್ನು ತಿರುಗಿಸಿಕೊಂಡೇ ನಗುತ್ತ ಹೇಳಿದರು: "ನಾನು ಹೊರಡುವಾಗ ನಿಮ್ಮಕ್ಕ ನನ್ನ ಹತ್ರ ಆಣೆ ಮಾಡಿಸಿಕೊಂಡಿದ್ದಾಳೆ ಕಣೋ, ಮನೆ ಸಾಲದ ವಿಷಯ ಮಾತ್ರ ಎತ್ತಬೇಡಿ, ಅವನಿಗೆ ಸಂಕಟ ಆಗತ್ತೆ ಅಂತ. ನೋಡು, ನಾನು ಎತ್ತಲಿಲ್ಲ."

ನಾನು ಒಳಗೆ ಹೋಗಿ ಯಂತ್ರವನ್ನು ಸುಮ್ಮನೆ ಓಡಿಸಿದೆ ಅಕ್ಕಾ. ಅದರಲ್ಲಿ ಒಂದು ಬಟ್ಟೆಯೂ ಇರಲಿಲ್ಲ. ಆ ಸದ್ದು ಬೇಕಾಗಿತ್ತು. ಇವಳು ಬಂದು ಗುಂಡಿ ಒತ್ತಿ ನಿಲ್ಲಿಸಿದಳು. "ನಾಳೆ ಮೇಡಂಗೆ ಫೋನ್ ಮಾಡ್ತೀರೋ, ನಾನೇ ಮಾಡ್ಲೋ?" ಅಂದಳು. ನಾನೇ ಮಾಡಿದೆ.

ಬುಧವಾರ ನೋಂದಣಿ ಕಚೇರಿಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ಮೇಡಂ ತಂದಿದ್ದ ಕಡಲೆಯನ್ನು ನನಗೂ ಕೊಟ್ಟರು. ಸಹಿ ಮಾಡುವಾಗ, "ನಿಮ್ಮ ಅಕ್ಕನಿಗೆ ಖುಷಿಯಾಗಿರಬೇಕು" ಅಂದರು. ಕಡಲೆ ಗಂಟಲಿಗೆ ಸಿಕ್ಕಿ ಕೆಮ್ಮಿ ಬಚಾವಾದೆ. ಶುಕ್ರವಾರ ಹೊಸ ಋಣಭಾರ ಪತ್ರ ಕೈಗೆ ಬಂತು. ಅಡ ಇಟ್ಟದ್ದು, ಅದರ ಕೆಳಗೆ ಬಿಡುಗಡೆಯಾದದ್ದು, ಎರಡೂ ಬರೆದಿವೆ. ಮನೆಯ ಮೇಲೆ ಈಗ ಯಾರ ಹೊರೆಯೂ ಇಲ್ಲ. ಅದರ ಪ್ರತಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಈ ಸಲವಾದರೂ ಒಲೆ ಆರಿಸಿ, ಕೂತು ಓದು.

ನನ್ನನ್ನು ಬೈಯಬೇಕೆನಿಸಿದರೆ ಫೋನಿನಲ್ಲೇ ಬೈ, ನಿನ್ನ ಕಾಗದ ತಲುಪುವವರೆಗೆ ಕಾಯುವ ಶಕ್ತಿ ನನಗಿಲ್ಲ. ಬೈಯದೆ ಇದ್ದುಬಿಡುತ್ತೀಯ ಎಂಬುದೇ ಭಯ. ಭಾವನಿಗೆ ನಮಸ್ಕಾರ ಹೇಳು, ಪುಟ್ಟಿಗೆ ಮುದ್ದು. ನಿನ್ನ ಮಂಡಿಗೆ ಆ ಮೂರನೇ ಮಹಡಿಯ ಮೆಟ್ಟಿಲು ದಿನಕ್ಕೊಮ್ಮೆ ಸಾಕು, ತರಕಾರಿಗೆ ಪುಟ್ಟಿಯನ್ನು ಕಳಿಸು.

ನಿನ್ನ ತಪ್ಪಿತಸ್ಥ ತಮ್ಮ,
ನೀನೇ ಹೆಸರಿಟ್ಟ ಗಡಿಬಿಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪಕ್ಕದ ಮನೆಯ ಹಲ್ಲಿನ ಡಾಕ್ಟರು ನಮ್ಮ ಮನೆ ಕೊಂಡುಕೊಳ್ಳುತ್ತಾರಂತೆ, ನಿನ್ನೆ ನಾನೇ ಹೋಗಿ ಕೇಳಿದೆ. ಮಾರಿಬಿಡೋಣ. ನಿನ್ನ ಅರ್ಧದಲ್ಲಿ ಮೊದಲು ಭಾವನ ಆಪರೇಷನ್ ಆಗಲಿ. ಲಾಂಡ್ರಿಯ ಮೇಲಿನ ಎರಡು ಕೋಣೆ ನಮಗೆ ಸಾಕು ಎಂದು ಇವಳು ನಿನ್ನೆಯೇ ಗುಡಿಸಿ ಬಂದಿದ್ದಾಳೆ. ಬಂದು ಸ್ವಲ್ಪ ಅತ್ತಳು, ಅದನ್ನು ಬರೆಯಬೇಡಿ ಅಂದಿದ್ದಾಳೆ. ಬೇಡ ಎಂದು ಮಾತ್ರ ಹೇಳಬೇಡ ಅಕ್ಕಾ. ನೀನು ಒಮ್ಮೆ ಬೇಡ ಅಂದರೆ ಸಾಕು, ನಾನು ತಕ್ಷಣ ಒಪ್ಪಿಕೊಂಡುಬಿಡುತ್ತೇನೆ.